ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಕುದಿಸಬೇಡಿ!



ನೀರಿನ ಮೇಲೆ ಅನುಮಾನ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಮಾಡುವುದು ಕುದಿಸಿ ಆರಿಸುವುದು. ಕ್ರಿಮಿಗಳಿಗೆ ಅದು ಸರಿ. ಆದರೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಸೇರಿದ ನೀರನ್ನು ಕುದಿಸಿದರೆ ವಿಷದ ಆವಿ ಅಡುಗೆಮನೆ ತುಂಬುತ್ತದೆ. ಅದನ್ನು ಉಸಿರಾಡುವವರು ನಾವೇ, ನಮ್ಮ ಮಕ್ಕಳೇ.

*ಕುರ್ಲಾದವರಿಗೆ ಈ ಮಾತು ಯಾಕೆ?*
ನಮ್ಮ ಸುತ್ತ ಗ್ಯಾರೇಜು, ಗುಜರಿ ಅಂಗಡಿ, ಎಣ್ಣೆ ಡ್ರಮ್ ತೊಳೆಯುವ ಜಾಗಗಳಿವೆ. ಪಕ್ಕದಲ್ಲೇ ಮೀಠೀ ನದಿ. 2005ರ ಜುಲೈ 26ರ ಪ್ರವಾಹ ಕಂಡವರಿಗೆ ಗೊತ್ತು, ಮಳೆನೀರು ಎಲ್ಲೆಲ್ಲಿಯದನ್ನೋ ತಂದು ಮನೆಯೊಳಗೆ ಬಿಡುತ್ತದೆ. ಸೊಸೈಟಿಯ ನೆಲದಡಿಯ ಟ್ಯಾಂಕಿಗೂ ಹಾಗೆಯೇ ನುಗ್ಗಬಹುದು. ನಗರಪಾಲಿಕೆಯ ನೀರು ದೂರದ ಕೆರೆಗಳಿಂದ ಬರುತ್ತದೆ ನಿಜ. ಆದರೆ ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇಳಿದು, ಬಿರುಕಿನಿಂದ ಸುತ್ತಲಿನ ಕೊಳೆ ಒಳಗೆ ಬರಬಹುದು. ಬೋರಿಂಗ್ ಮತ್ತು ಟ್ಯಾಂಕರ್ ನೀರು ಬಳಸುವವರು ಇನ್ನೂ ಎಚ್ಚರವಾಗಿರಬೇಕು.

2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ಮನೆಗಳ ಬೋರ್‌ವೆಲ್‌ನಿಂದ ನೀರಿನ ಜೊತೆ ಇಂಧನವೇ ಮೇಲೆ ಬಂತು. ನೆಲದಡಿಯ ಇಂಧನದ ಪೈಪು ಸೋರಿತ್ತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

*ಎಷ್ಟು ಸೇರಿದರೆ ಅಪಾಯ?*
ಪೆಟ್ರೋಲಿನಲ್ಲಿ ಬೆಂಝೀನ್ ಎಂಬ ರಾಸಾಯನಿಕ ಇದೆ. ಬಹುಕಾಲ ದೇಹ ಸೇರಿದರೆ ರಕ್ತಹೀನತೆ, ರಕ್ತದ ಕ್ಯಾನ್ಸರ್ ತರಬಲ್ಲದು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅಂದರೆ 1 ಗ್ರಾಂ ಬೆಂಝೀನ್ ಕರಗಿದರೆ 1 ಲಕ್ಷ ಲೀಟರ್ ನೀರು ಮಿತಿ ಮುಟ್ಟುತ್ತದೆ. ನಮ್ಮ ಪೆಟ್ರೋಲಿನಲ್ಲಿ ಶೇ. 1ರವರೆಗೆ ಬೆಂಝೀನ್ ಇರಬಹುದು, ಹಾಗಾಗಿ ಒಂದು ಲೋಟ ಪೆಟ್ರೋಲೇ ಸಾಕು! ವಾಸನೆ ಮೂಗಿಗೆ ಗೊತ್ತಾಗುವ ಮೊದಲೇ ಮಿತಿ ಮೀರಿರಬಹುದು.

*ಪತ್ತೆ ಹೇಗೆ?*
ಸೋರಿದ ಇಂಧನ ಮಣ್ಣಿನಲ್ಲಿ ಇಳಿದು, ಅಂತರ್ಜಲ ಮುಟ್ಟಿದಾಗ ಅದರ ಮೇಲೆ ತೇಲುತ್ತದೆ. ಸ್ವಲ್ಪ ಕರಗಿ ನೀರಿನ ಜೊತೆ ಹರಿಯುತ್ತದೆ, ಸ್ವಲ್ಪ ಆವಿಯಾಗಿ ಮೇಲೆ ಬರುತ್ತದೆ. ತಜ್ಞರು ಮೊದಲು ಆ ಜಾಗದಲ್ಲಿ ಹಿಂದೆ ಏನಿತ್ತು ಎಂದು ಕೇಳುತ್ತಾರೆ. ಬೇರೆ ಬೇರೆ ಆಳದ ಮಣ್ಣು ತೆಗೆಯುತ್ತಾರೆ. ಕನಿಷ್ಠ ಮೂರು ಕಡೆ ಕೊಳವೆ ಇಳಿಸಿ ನೀರಿನ ಮಟ್ಟ ಅಳೆದರೆ ಅದು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯುತ್ತದೆ. ಮಾದರಿಗಳು ಲ್ಯಾಬಿಗೆ ಹೋಗುತ್ತವೆ.

*ಸ್ವಚ್ಛ ಮಾಡುವುದು ಹೇಗೆ?*
ಮೊದಲು ಸೋರಿಕೆ ನಿಲ್ಲಬೇಕು. ಆಮೇಲೆ ತೇಲುವ ಇಂಧನವನ್ನು ಪಂಪಿನಿಂದ ತೆಗೆಯುತ್ತಾರೆ, ಕೆಟ್ಟ ಮಣ್ಣು ಅಗೆದು ಸಾಗಿಸುತ್ತಾರೆ, ಮಣ್ಣಿನೊಳಗಿನ ಆವಿಯನ್ನು ಹೀರಿ ಶುದ್ಧ ಮಾಡುತ್ತಾರೆ. ಉಳಿದದ್ದನ್ನು ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಬಿಡಬಹುದು. ದೆಹಲಿಯ ಟೆರಿ ಸಂಸ್ಥೆ ಇದಕ್ಕಾಗಿಯೇ 'ಆಯಿಲ್‌ಝ್ಯಾಪರ್' ಎಂಬ ಮಿಶ್ರಣ ತಯಾರಿಸಿದೆ. ಅಂತರ್ಜಲಕ್ಕೆ ಇಳಿದಿದ್ದರೆ ಈ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ. ಮೇಲೆ ಹೊಸ ಮಣ್ಣು ಹಾಕಿ ಮುಚ್ಚಿದರೆ ಸ್ವಚ್ಛವಾದಂತಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ಬಗ್ಗೆ ಹೊಸ ನಿಯಮ ತಂದಿದೆ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನದ ಜಾಗಗಳನ್ನು ಪಟ್ಟಿ ಮಾಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ತನಿಖೆ ಮಾಡಿಸಬೇಕು, ಖರ್ಚು ಕೆಡಿಸಿದವರದು. ಆದ್ದರಿಂದ ನಿಮ್ಮ ದೂರು ಬರವಣಿಗೆಯಲ್ಲಿರಲಿ.

*ಮನೆಯಲ್ಲಿ ಇದನ್ನು ನೆನಪಿಡಿ*
✅ ವಾಸನೆ ಬಂದರೆ ಅಥವಾ ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸಬೇಡಿ. ಮನೆಯ ಫಿಲ್ಟರ್ ನಂಬಬೇಡಿ.
✅ ಕಿಟಕಿ ತೆರೆಯಿರಿ. ಬೆಂಕಿಕಡ್ಡಿ, ಗ್ಯಾಸ್, ಸ್ವಿಚ್ ಮುಟ್ಟಬೇಡಿ. ವಾಸನೆ ಜೋರಾಗಿದ್ದರೆ ಹೊರಗೆ ಬಂದು 101ಕ್ಕೆ ಕರೆ ಮಾಡಿ.
✅ ಸೊಸೈಟಿ ಅಥವಾ ಚಾಳಿನವರಿಗೆ ತಕ್ಷಣ ತಿಳಿಸಿ, ಪಂಪ್ ನಿಲ್ಲಿಸಲು ಹೇಳಿ. ಪಾಲಿಕೆಯ 1916ಕ್ಕೆ ಕರೆ ಮಾಡಿ, ಎಲ್ ವಾರ್ಡ್ ಕಚೇರಿಯಲ್ಲಿ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ.
✅ ಗ್ಯಾರೇಜಿನಲ್ಲಿ ದುಡಿಯುವವರು ಪೆಟ್ರೋಲಿನಲ್ಲಿ ಕೈ ತೊಳೆಯಬೇಡಿ, ಪೈಪನ್ನು ಬಾಯಿಂದ ಎಳೆಯಬೇಡಿ. ಹಳೆ ಎಣ್ಣೆ ಗಟಾರಕ್ಕೆ ಚೆಲ್ಲಬೇಡಿ.
✅ ಯಾರಾದರೂ ಪೆಟ್ರೋಲ್ ನುಂಗಿದರೆ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಊರಿನಲ್ಲಿ ಪೆಟ್ರೋಲ್ ಪಂಪಿನ ಹತ್ತಿರ ಬಾವಿ ಇರುವ ಮನೆಯವರಿಗೂ ಈ ಮಾತು ಅನ್ವಯಿಸುತ್ತದೆ. ಇವತ್ತೇ ಅಪ್ಪ ಅಮ್ಮನಿಗೆ ಒಂದು ಫೋನ್ ಮಾಡಿ, ಓದಿ ಹೇಳಿ. ಸೊಸೈಟಿಯ ಗುಂಪಿಗೂ ಕಳುಹಿಸಿ.

ಆರೋಗ್ಯವಾಗಿರಿ 🌿