ನಿಮಗಿದು ಗೊತ್ತೆ? ಡಿಸ್ಕ್ ಜಾಕಿ ಲಂಡನ್ನಿಗೆ ಕಳುಹಿಸಿದ ತಂಡ

ಮಾದಕದ್ರವ್ಯದ ಅಮಲಿನ ಭ್ರಮಾನುಭವವನ್ನು ವಿಲಕ್ಷಣ ನಾದಗಳಿಂದ ಮೂಡಿಸಲು ಯತ್ನಿಸುವ, 1960ರ ದಶಕದ ಮಧ್ಯಭಾಗದಲ್ಲಿ ರೂಪುಗೊಂಡ ಸಂಗೀತ ಪ್ರಕಾರಕ್ಕೆ ಸೈಕೆಡೆಲಿಕ್ ರಾಕ್ ಎಂದು ಹೆಸರು. ಇದರ ಆರಂಭಿಕ ತಂಡಗಳಲ್ಲಿ ಒಂದಾದ ‘ದಿ ಮಿಸ್‌ಅಂಡರ್‌ಸ್ಟುಡ್’ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಿವರ್‌ಸೈಡ್‌ನಲ್ಲಿ.

ನೆರೆಯ ಸ್ಯಾನ್ ಬರ್ನಾರ್ಡಿನೊದ ಕೆಎಂಇಎನ್ ರೇಡಿಯೊ ಕೇಂದ್ರದಲ್ಲಿ ಡಿಸ್ಕ್ ಜಾಕಿ, ಎಂದರೆ ಧ್ವನಿಮುದ್ರಿಕೆಗಳನ್ನು ಆಯ್ದು ಕೇಳಿಸುತ್ತ ನಡುನಡುವೆ ಮಾತನಾಡುವ ನಿರೂಪಕರಾಗಿದ್ದ ಇಂಗ್ಲೆಂಡಿನ ಜಾನ್ ರೇವನ್ಸ್‌ಕ್ರಾಫ್ಟ್, 1966ರಲ್ಲಿ ಈ ತಂಡದ ವಾದನಕ್ಕೆ ಮಾರುಹೋಗಿ, ಲಂಡನ್ನಿಗೆ ತೆರಳುವಂತೆ ಅದನ್ನು ಹುರಿದುಂಬಿಸಿದ್ದಲ್ಲದೆ, ಅಲ್ಲಿದ್ದ ತಮ್ಮ ತಾಯಿಯ ಮನೆಯಲ್ಲೇ ತಂಗಲು ಅನುವು ಮಾಡಿಕೊಟ್ಟರು. ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸಿ ಎಳೆನಾದ ಹೊರಡಿಸುವ ಸ್ಟೀಲ್ ಗಿಟಾರನ್ನು ಗ್ಲೆನ್ ರಾಸ್ ಕ್ಯಾಂಪ್‌ಬೆಲ್ ಭೋರ್ಗರೆಯುವಂತೆ ನುಡಿಸುತ್ತಿದ್ದುದು ತಂಡದ ವೈಶಿಷ್ಟ್ಯವಾಗಿತ್ತು.

ಅದೇ ಡಿಸೆಂಬರ್‌ನಲ್ಲಿ ಫಾಂಟಾನಾ ಕಂಪನಿಯು ತಂಡದ ‘ಐ ಕ್ಯಾನ್ ಟೇಕ್ ಯು ಟು ದ ಸನ್’ ಮುದ್ರಿಕೆಯನ್ನು ಹೊರತಂದಿತಾದರೂ, ಗಾಯಕ ರಿಕ್ ಬ್ರೌನ್ ಅವರಿಗೆ ಅಮೆರಿಕದ ಸೇನೆಗೆ ಕಡ್ಡಾಯವಾಗಿ ಸೇರುವ ಕರೆ ಬಂದುದರಿಂದ 1967ರಲ್ಲಿ ತಂಡ ಚದುರಿಹೋಯಿತು.

ಅದೇ ವರ್ಷ ಸ್ವದೇಶಕ್ಕೆ ಮರಳಿದ ರೇವನ್ಸ್‌ಕ್ರಾಫ್ಟ್, ಸಮುದ್ರದಲ್ಲಿ ಲಂಗರು ಹಾಕಿದ್ದ ಹಡಗಿನಿಂದ ಪರವಾನಗಿಯಿಲ್ಲದೆ ಬಿತ್ತರವಾಗುತ್ತಿದ್ದ ‘ರೇಡಿಯೊ ಲಂಡನ್’ ಸೇರಿ, ಜಾನ್ ಪೀಲ್ ಎಂಬ ಹೆಸರು ತಳೆದು, ಬಳಿಕ ಬಿಬಿಸಿ ರೇಡಿಯೊ 1ರಲ್ಲಿ 2004ರವರೆಗೂ ಹೊಸ ತಂಡಗಳಿಗೆ ಆಸರೆಯಾಗಿ ನಿಂತರು.