ಹವ್ಯಾಸಿಯಲ್ಲ, ಸ್ವತಂತ್ರ: ಛಾಯಾಗ್ರಾಹಕನ ಎರಡು ಬಗೆಯ ಕೆಲಸ

ಯಾವ ಸಂಸ್ಥೆಯ ಸಂಬಳದ ಪಟ್ಟಿಗೂ ಸೇರದೆ ಬರೆಯುವವರನ್ನು ನಮ್ಮ ಕನ್ನಡ ಪತ್ರಿಕೆಗಳು ಬಹುಕಾಲದಿಂದ ‘ಹವ್ಯಾಸಿ ಪತ್ರಕರ್ತ’ ಎಂದೇ ಕರೆಯುತ್ತ ಬಂದಿವೆ. ಅದೇ ರೂಢಿಯಂತೆ, ಸ್ವತಂತ್ರವಾಗಿ ಚಿತ್ರ ತೆಗೆದು ಜೀವನ ಸಾಗಿಸುವವನೂ ‘ಹವ್ಯಾಸಿ ಛಾಯಾಗ್ರಾಹಕ’ನಾಗುತ್ತಾನೆ. ಈ ಪದ ಮಾಡಿರುವ ಅನ್ಯಾಯ ಸಣ್ಣದಲ್ಲ. ಹವ್ಯಾಸವೆಂದರೆ ಊಟವಾದ ಮೇಲಿನ ತಾಂಬೂಲ. ಆದರೆ ಆ ಮನುಷ್ಯನಿಗೆ ಅದೇ ಊಟ.

ರೋಹಿಣಿಯಂತಹ ಬಡಾವಣೆಗಳಲ್ಲಿ ಸ್ವಂತ ಫ್ಲ್ಯಾಟು ಮಾಡಿಕೊಂಡು ನೆಲೆನಿಂತ ನಮ್ಮವರಲ್ಲಿ ಹೆಚ್ಚಿನವರು ಕೇಂದ್ರ ಸರ್ಕಾರದ ನೌಕರಿ, ಬ್ಯಾಂಕು, ಇಂಜಿನಿಯರಿಂಗ್, ಅಧ್ಯಾಪನ ಇವುಗಳ ಮೂಲಕ ದೆಹಲಿಗೆ ಬಂದವರು. ತಿಂಗಳ ಕೊನೆಯ ದಿನ ಸಂಬಳ ಬರುವುದನ್ನು ಸೂರ್ಯೋದಯದಂತೆ ನಂಬಿದವರು. ಇಂತಹ ಮನೆಯ ಮಗನೋ ಮಗಳೋ ‘ನಾನು ಛಾಯಾಗ್ರಹಣವನ್ನೇ ವೃತ್ತಿಯಾಗಿ ಮಾಡಿಕೊಳ್ಳುತ್ತೇನೆ, ಯಾರ ಬಳಿಯೂ ನೌಕರಿಗೆ ಸೇರುವುದಿಲ್ಲ’ ಎಂದಾಗ ಮನೆಯಲ್ಲಿ ಮೌನ ಕವಿಯುವುದು ಸಹಜ. ಆ ಮೌನವನ್ನು ಮುರಿಯುವ ಮುನ್ನ ಈ ಕಸುಬು ನಡೆಯುವ ಬಗೆಯನ್ನು ಕೊಂಚ ತಿಳಿದುಕೊಳ್ಳುವುದು ಒಳ್ಳೆಯದು.

ಸ್ವತಂತ್ರ ಛಾಯಾಗ್ರಾಹಕನ ಕೆಲಸ ಒಂದೇ ಬಗೆಯದಲ್ಲ. ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳು ಮೊದಲ ಸಾಲಿನವು. ಮಂಗೋಲ್‌ಪುರಿ, ಬವಾನಾ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಿಗೆ ತಮ್ಮ ಸರಕಿನ ಚಿತ್ರಗಳು ಬೇಕು. ಉಪಾಹಾರ ಗೃಹಗಳಿಗೆ ತಿನಿಸುಗಳ ಚಿತ್ರ ಬೇಕು. ಮನೆ ಮಾರಿಕೊಡುವವರಿಗೆ ಕೋಣೆಗಳ ಚಿತ್ರ ಬೇಕು. ಒಂದೊಂದಕ್ಕೂ ಬೆಳಕಿನ ಲೆಕ್ಕ ಬೇರೆ, ಸಲಕರಣೆ ಬೇರೆ, ಹಣ ಕೈಸೇರುವ ಅವಧಿಯೂ ಬೇರೆ. ಮದುವೆಯವರು ಮುಂಗಡ ಕೊಡುತ್ತಾರೆ; ಸಂಸ್ಥೆಗಳು ಬಿಲ್ಲು ಸಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಕಾಯಿಸುವುದುಂಟು.

ಇದರ ಮೇಲೆ ಪಂಚಾಂಗದ ಆಳ್ವಿಕೆ ಬೇರೆ. ಉತ್ತರ ಭಾರತದಲ್ಲಿ ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದ ಏಕಾದಶಿಯವರೆಗೆ, ಎಂದರೆ ನಮ್ಮ ಉತ್ಥಾನ ದ್ವಾದಶಿಯ ಹಿಂದಿನ ದಿನದವರೆಗೆ, ಮದುವೆಗಳು ನಡೆಯುವುದಿಲ್ಲವೆಂದೇ ಹೇಳಬಹುದು. ಮತ್ತೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮ ಧನುರ್ಮಾಸದಂತೆಯೇ ಅವರಿಗೂ ವಿರಾಮ. ಹೀಗಾಗಿ ವರ್ಷದ ಆದಾಯದ ದೊಡ್ಡ ಪಾಲನ್ನು ಕೆಲವೇ ವಾರಗಳಲ್ಲಿ, ನಿದ್ದೆಗೆಟ್ಟು, ಚಳಿಯಲ್ಲಿ ನಿಂತು ಗಳಿಸಬೇಕು. ಉಳಿದ ಕಾಲದಲ್ಲಿ ‘ಏನೂ ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದಾನೆ’ ಎಂಬ ಮಾತನ್ನು ಕೇಳಬೇಕು. ಆದರೆ ಸಮರ್ಥನಾದವನು ತನ್ನ ಅತ್ಯುತ್ತಮ ಕೆಲಸ ಮಾಡುವುದು ಈ ‘ಕೆಲಸವಿಲ್ಲದ’ ತಿಂಗಳುಗಳಲ್ಲೇ. ಯಾರೂ ಹೇಳದೆ, ಯಾರೂ ಹಣ ಕೊಡದೆ, ತನ್ನದೇ ಕುತೂಹಲದಿಂದ ವರ್ಷಾನುಗಟ್ಟಲೆ ಬೆನ್ನುಹತ್ತುವ ಚಿತ್ರಸರಣಿಗೆ ಆ ವೃತ್ತಿಯಲ್ಲಿ ‘ಸ್ವಂತ ಯೋಜನೆ’ ಎನ್ನುತ್ತಾರೆ.

ಇದಕ್ಕೆ ನಮ್ಮವರದ್ದೇ ಒಂದು ಉಜ್ವಲ ನಿದರ್ಶನವಿದೆ. ಟಿ. ಎಸ್. ಸತ್ಯನ್ 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದರು. ಮಹಾರಾಜಾ ಕಾಲೇಜಿನಲ್ಲಿ ಓದಿ, ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಇಲಸ್ಟ್ರೇಟೆಡ್ ವೀಕ್ಲಿ’ ಪತ್ರಿಕೆಗಳಲ್ಲಿ ನೌಕರಿ ಮಾಡಿ, ಬಳಿಕ ಆ ನೌಕರಿಯ ಆಸರೆಯನ್ನು ಬಿಟ್ಟು ಸ್ವತಂತ್ರರಾದರು. ದೆಹಲಿಯನ್ನೇ ದೀರ್ಘಕಾಲ ಕಾರ್ಯಕ್ಷೇತ್ರ ಮಾಡಿಕೊಂಡರು. ದೂರದರ್ಶನವೇ ಮನೆ ಸೇರದಿದ್ದ ಆ ಕಾಲದಲ್ಲಿ, ಸಂಬಳವಿಲ್ಲದ ಛಾಯಾಗ್ರಾಹಕನಾಗಿ ಸಂಸಾರ ನಡೆಸುವುದೆಂದರೆ ಎಂತಹ ಸಾಹಸವೆಂಬುದನ್ನು ಓದುಗರೇ ಊಹಿಸಬಹುದು.

ಸತ್ಯನ್ ಅವರ ಕೆಲಸದ ವೈವಿಧ್ಯ ಬೆರಗು ಹುಟ್ಟಿಸುತ್ತದೆ. ನ್ಯೂಯಾರ್ಕಿನ ‘ಬ್ಲ್ಯಾಕ್ ಸ್ಟಾರ್’ ಚಿತ್ರಸಂಸ್ಥೆಯ ಮೂಲಕ ಅವರ ಚಿತ್ರಗಳು ‘ಲೈಫ್’, ‘ಟೈಮ್’, ‘ನ್ಯೂಸ್‌ವೀಕ್’ ಪತ್ರಿಕೆಗಳಿಗೆ ಹೋದವು. ವಿಶ್ವ ಆರೋಗ್ಯ ಸಂಸ್ಥೆಗಾಗಿ, ಯುನಿಸೆಫ್‌ಗಾಗಿ ಅವರು ದೇಶದ ಮೂಲೆಮೂಲೆ ಸುತ್ತಿದರು. ಪ್ರಧಾನಿಗಳನ್ನೂ ಗಣ್ಯರನ್ನೂ ಚಿತ್ರಿಸಿದರು. ಅದು ಅನ್ನದ ಕೆಲಸ. ಆದರೆ ಆ ಪ್ರವಾಸಗಳ ನಡುವೆ, ಕೊಟ್ಟ ಕೆಲಸ ಮುಗಿದ ಮೇಲೆ, ಅವರ ಕಣ್ಣು ಸದಾ ಹುಡುಕುತ್ತಿದ್ದುದು ಬೀದಿಯಲ್ಲಿ ಆಡುವ ಮಕ್ಕಳನ್ನು, ದುಡಿಯುವ ಹೆಂಗಸರನ್ನು, ಕಟ್ಟೆಯ ಮೇಲೆ ಕುಳಿತ ಮುದುಕರನ್ನು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ಏರ್ಪಡಿಸಿತು. ಅದಕ್ಕೂ ಮೊದಲೇ, 1977ರಲ್ಲಿ, ಪದ್ಮಶ್ರೀ ಬಂದಿತ್ತು. ಮೈಸೂರಿಗೆ ಮರಳಿದ ಮೇಲೆ 2002ರಲ್ಲಿ ‘ಇನ್ ಲವ್ ವಿತ್ ಲೈಫ್’ ಎಂಬ ಚಿತ್ರಸಂಪುಟ, 2005ರಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’ ಎಂಬ ಆತ್ಮಕಥನ ಪ್ರಕಟವಾದವು. ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಬಂದಿತು. 2009ರ ಡಿಸೆಂಬರ್ 13ರಂದು ಅವರು ತೀರಿಕೊಂಡರು. ಇಂದು ಸತ್ಯನ್ ಎಂದೊಡನೆ ನೆನಪಾಗುವುದು ಗಣ್ಯರ ಮುಖಗಳಲ್ಲ, ಹೆಸರೇ ಗೊತ್ತಿಲ್ಲದ ಆ ಮಕ್ಕಳ ನಗು. ಅನ್ನದ ಕೆಲಸವನ್ನು ಅವರು ಕೀಳಾಗಿ ಕಂಡವರಲ್ಲ ಎಂಬುದನ್ನೂ ಸೇರಿಸಬೇಕು. ಆ ಪ್ರವಾಸದ ಭತ್ಯೆ ಇಲ್ಲದಿದ್ದರೆ ಆ ಮಕ್ಕಳ ಬಳಿಗೆ ಅವರು ತಲುಪುತ್ತಲೇ ಇರಲಿಲ್ಲ.

ಎಲ್ಲರ ಕಥೆಯೂ ಹೀಗೆ ಸುಖಾಂತವಲ್ಲ. ನಮ್ಮ ಇದೇ ದೆಹಲಿಯ ಮೋರಿ ಗೇಟ್‌ನಲ್ಲಿ ಸ್ವಂತ ಸಂಸ್ಥೆ ನಡೆಸುತ್ತಿದ್ದ ಕುಲವಂತ್ ರಾಯ್ ಗಾಂಧೀಜಿ, ನೆಹರೂ, ಪಟೇಲರನ್ನು ಹತ್ತಿರದಿಂದ ಚಿತ್ರಿಸಿದವರು. 1950ರ ದಶಕದ ಕೊನೆಯಲ್ಲಿ ಅವರು ವಿಶ್ವಪರ್ಯಟನೆಗೆ ಹೊರಟರು. ಅದು ಅವರ ಸ್ವಂತ ಯೋಜನೆ. ದೇಶದಿಂದ ದೇಶಕ್ಕೆ ಹೋಗುತ್ತ ನೆಗೆಟಿವ್‌ಗಳನ್ನು ಅಂಚೆಯಲ್ಲಿ ತಮ್ಮ ವಿಳಾಸಕ್ಕೇ ಕಳಿಸುತ್ತಿದ್ದರು. ಹಿಂದಿರುಗಿ ನೋಡಿದರೆ ಒಂದೂ ಇರಲಿಲ್ಲ. ವರ್ಷಗಳ ದುಡಿಮೆಗಾಗಿ ಅವರು ದೆಹಲಿಯ ಕಸದ ರಾಶಿಗಳಲ್ಲಿ ಹುಡುಕಾಡಿದರಂತೆ. 1984ರಲ್ಲಿ ಅವರು ತೀರಿಕೊಂಡಾಗ ಉಳಿದ ಸಂಗ್ರಹ ಪೆಟ್ಟಿಗೆಗಳಲ್ಲಿ ಆದಿತ್ಯ ಆರ್ಯ ಎಂಬ ಛಾಯಾಗ್ರಾಹಕರ ಪಾಲಿಗೆ ಬಂದಿತು. ಎರಡು ದಶಕಗಳಿಗೂ ಹೆಚ್ಚು ಕಾಲ ಕಾದಿದ್ದ ಆ ಪೆಟ್ಟಿಗೆಗಳನ್ನು ಅವರು ಬಿಚ್ಚಿದ ಮೇಲಷ್ಟೆ ಜಗತ್ತಿಗೆ ಕುಲವಂತ್ ರಾಯ್ ಯಾರೆಂಬುದು ಮತ್ತೆ ತಿಳಿಯಿತು.

ಸ್ವಂತ ಯೋಜನೆಗೆ ಕಾನೂನಿನ ದೃಷ್ಟಿಯಿಂದಲೂ ಬೆಲೆಯುಂಟು. ಹೆತ್ತವರು ಗಮನಿಸಬೇಕಾದ್ದು ಇದನ್ನೇ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ತೆಗೆದ ಛಾಯಾಚಿತ್ರದ ಮೊದಲ ಒಡೆತನ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಕೋರಿದವರದ್ದು. ಎಂದರೆ ಕರಾರಿನಲ್ಲಿ ಬರೆಸಿಕೊಳ್ಳದಿದ್ದರೆ ನೂರು ಮದುವೆಗಳ ಸಾವಿರಾರು ಚಿತ್ರಗಳಲ್ಲಿ ಒಂದರ ಹಕ್ಕೂ ತೆಗೆದವನಿಗೆ ಉಳಿಯುವುದಿಲ್ಲ. ಪತ್ರಿಕೆಯ ನೌಕರನ ಸ್ಥಿತಿ ಸ್ವಲ್ಪ ವಾಸಿ: ಬೇರೆ ಒಪ್ಪಂದವಿಲ್ಲದಿದ್ದರೆ ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು, ಉಳಿದದ್ದು ಅವನದ್ದು. ತನ್ನ ಇಚ್ಛೆಯಿಂದ ತೆಗೆದ ಚಿತ್ರವಾದರೋ ಪೂರ್ತಿ ಅವನದ್ದೇ. ಹಿಂದೆ ಛಾಯಾಚಿತ್ರದ ಹಕ್ಕು ಪ್ರಕಟಣೆಯಿಂದ 60 ವರ್ಷ ಮಾತ್ರ ಇತ್ತು. 2012ರ ತಿದ್ದುಪಡಿಯ ತರುವಾಯ ಅದು ಸಾಹಿತ್ಯ ಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳಿಗೆ ವಿಸ್ತರಿಸಿತು. ಭವಿಷ್ಯನಿಧಿಯಿಲ್ಲದ ಕಸುಬಿನಲ್ಲಿ ಇದೊಂದೇ ಭವಿಷ್ಯನಿಧಿ.

ಹಾಗಾದರೆ ರೋಹಿಣಿಯಲ್ಲಿ ಕುಳಿತವನಿಗೆ ವಿಷಯವೆಲ್ಲಿದೆ ಎಂದು ಕೇಳಬಹುದು. ಹಿಮಾಲಯಕ್ಕೋ ಬನಾರಸಿನ ಘಟ್ಟಗಳಿಗೋ ಹೋಗಬೇಕೆಂಬ ಭ್ರಮೆ ಹೊಸಬರಿಗೆ ಸಾಮಾನ್ಯ. ಬನಾರಸಿನ ಘಟ್ಟಗಳಲ್ಲಿ ಈಗ ಸಾಧುಗಳಿಗಿಂತ ಕ್ಯಾಮೆರಾಗಳೇ ಹೆಚ್ಚೇನೋ! 1981ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ರೋಹಿಣಿ ವಸತಿ ಯೋಜನೆಯನ್ನು ಪ್ರಕಟಿಸಿದಾಗ ಹಣ ಕಟ್ಟಿದವರಲ್ಲಿ ಸಾವಿರಾರು ಮಂದಿ ನಿವೇಶನಕ್ಕಾಗಿ ಮೂರು ದಶಕಗಳಿಗೂ ಮೀರಿ ಕಾದರು. ಯೌವನದಲ್ಲಿ ಅರ್ಜಿ ಹಾಕಿ ವೃದ್ಧಾಪ್ಯದಲ್ಲಿ ಪತ್ರ ಪಡೆದವರ ಮುಖಗಳೇ ಒಂದು ಮಹಾ ಚಿತ್ರಸರಣಿ. 2004ರ ಮಾರ್ಚ್ 31ರಂದು ರಿಠಾಲಾವರೆಗೆ ಮೆಟ್ರೊ ಬಂದ ಮೇಲೆ ಇಲ್ಲಿನ ಬೆಳಗು ಸಂಜೆಗಳ ಲಯವೇ ಬದಲಾಯಿತು. ಸೆಕ್ಟರ್ 10ರ ಸ್ವರ್ಣ ಜಯಂತಿ ಉದ್ಯಾನದಲ್ಲಿ ಚಳಿಗಾಲದ ಬಿಸಿಲಿಗೆ ಬಂದು ಕೂರುವ ವೃದ್ಧರನ್ನು ಹತ್ತು ವರ್ಷ, ಅದೇ ಬೆಂಚುಗಳಲ್ಲಿ, ಚಿತ್ರಿಸುತ್ತ ಹೋಗುವವನು ಯಾವ ತೀರ್ಥಯಾತ್ರೆಯನ್ನೂ ಮಾಡಬೇಕಾಗಿಲ್ಲ. ನಮ್ಮ ಕನ್ನಡ ಮನೆಗಳೂ ಇವೆ: ಬಾಲ್ಕನಿಯ ತುಳಸಿ, ಗೊಂಬೆಹಬ್ಬದ ಮೆಟ್ಟಿಲು, ಊರಿನಿಂದ ತಂದ ಒರಳುಕಲ್ಲು. ಇವನ್ನು ಇನ್ನೊಂದು ತಲೆಮಾರು ನೋಡುವುದೋ ಇಲ್ಲವೋ.

ಇಂತಹ ಕೆಲಸಕ್ಕೆ ಹೊರಟ ಮಕ್ಕಳೊಡನೆ ಹೆತ್ತವರು ಎರಡು ಮಾತು ಇತ್ಯರ್ಥ ಮಾಡಿಕೊಳ್ಳಬಹುದು. ಮೊದಲನೆಯದು, ಪ್ರತಿಯೊಂದು ಕೆಲಸಕ್ಕೂ ಲಿಖಿತ ಕರಾರು. ಪರಿಚಿತರ ಮನೆಯ ಮದುವೆಯಾದರೂ ಸರಿ, ಅದರಲ್ಲೂ ನಮ್ಮವರ ಮನೆಯ ಮದುವೆಯಾದರೆ ಕಡ್ಡಾಯವಾಗಿ! ಎರಡನೆಯದು, ಪ್ರತಿ ಚಿತ್ರದ ಜೊತೆಗೆ ಹೆಸರು, ಸ್ಥಳ, ತಾರೀಖು. ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದರೆ ಸಾಲದು. ಬೇರೆ ಮನೆಯಲ್ಲಿ ಇನ್ನೊಂದು ಇರಬೇಕು.

ಆದಿತ್ಯ ಆರ್ಯ ಅವರ ಮುತುವರ್ಜಿಯಿಂದ 2019ರಲ್ಲಿ ಗುರುಗ್ರಾಮದ ಸೆಕ್ಟರ್ 28ರಲ್ಲಿ ‘ಮ್ಯೂಸಿಯೊ ಕ್ಯಾಮೆರಾ’ ಎಂಬ ವಸ್ತುಸಂಗ್ರಹಾಲಯ ಆರಂಭವಾಯಿತು. ಹಳೆಯ ಕ್ಯಾಮೆರಾಗಳ ದೊಡ್ಡ ಸಂಗ್ರಹವೇ ಅಲ್ಲಿದೆ. ರೋಹಿಣಿಯಿಂದ ಹೋಗುವವರು ಕೆಂಪು ಮಾರ್ಗದ ಮೆಟ್ರೊದಲ್ಲಿ ಕಶ್ಮೀರಿ ಗೇಟ್‌ವರೆಗೆ ಬಂದು, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಳ್ಳಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅವರೇ ನಿಮ್ಮನ್ನು ಕರೆದುಕೊಂಡು ಹೋದರೆ ಇನ್ನೂ ಚೆನ್ನ.