ನಿಮಗಿದು ಗೊತ್ತೆ? ಎದೆ ತುಂಬ ಎಳೆದ ಉಸಿರು ಶ್ವಾಸನಾಳವನ್ನೂ ಸಡಿಲಿಸುತ್ತದೆ!

ಉಚ್ಚಿಲದ ಕಡಲ ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುವವರು ನಡುನಡುವೆ ಎದೆ ತುಂಬ ಉಸಿರೆಳೆದುಕೊಳ್ಳುತ್ತಾರೆ. ಗಾಳಿ ಒಳಹೋಗುವುದಷ್ಟೇ ಅಲ್ಲ, ಆ ಉಸಿರಿಗೆ ಇನ್ನೊಂದು ಕೆಲಸವೂ ಇದೆ.

ಶ್ವಾಸನಾಳಗಳ ಸುತ್ತ ನಮ್ಮ ಇಚ್ಛೆಗೆ ಒಳಪಡದ ನಯವಾದ ಸ್ನಾಯುಗಳಿವೆ. ಶ್ವಾಸಕೋಶ ಪೂರ್ತಿ ಹಿಗ್ಗಿದಾಗ ಸುತ್ತಲಿನ ಅಂಗಾಂಶ ನಾಳದ ಗೋಡೆಯನ್ನು ಹೊರಕ್ಕೆ ಜಗ್ಗುತ್ತದೆ. ಆಗ ಸ್ನಾಯುವಿನೊಳಗಿನ ಆಕ್ಟಿನ್, ಮಯೋಸಿನ್ ಎಳೆಗಳ ಹಿಡಿತ ಕಳಚಿ ಬಿಗಿತ ಇಳಿಯುತ್ತದೆ. ಮತ್ತೆ ಬಿಗಿಯಲು ಸ್ವಲ್ಪ ಹೊತ್ತು ಬೇಕು. ಅರಿವಿಲ್ಲದೆ ನಾವು ಆಗಾಗ ಬಿಡುವ ನಿಟ್ಟುಸಿರಿನಲ್ಲೂ ಶ್ವಾಸಕೋಶ ಹೀಗೆಯೇ ಹಿಗ್ಗುತ್ತದೆ.

1995ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಆರೋಗ್ಯವಂತರಿಗೆ ದೀರ್ಘವಾಗಿ ಉಸಿರೆಳೆಯಲು ಬಿಡದೆ, ನಾಳ ಕುಗ್ಗಿಸುವ ಮೆಥಾಕೊಲಿನ್ ಕೊಟ್ಟು ನೋಡಿದರು. ಫಲಿತಾಂಶ ನಿಜಕ್ಕೂ ಬೆರಗು ಹುಟ್ಟಿಸುವಂಥದು: ಆಸ್ತಮಾ ಇಲ್ಲದವರ ನಾಳಗಳೂ ಆಸ್ತಮಾ ಇದ್ದವರಂತೆ ಕಿರಿದಾದವು!

ಆಸ್ತಮಾ ಇರುವವರಲ್ಲಿ ದೀರ್ಘ ಉಸಿರಿನ ಈ ನೆರವು ಕುಂದಿರುತ್ತದೆ. ರೋಗ ತೀವ್ರವಾದಾಗ ಆ ಉಸಿರಿನಿಂದಲೇ ನಾಳ ಮತ್ತಷ್ಟು ಬಿಗಿಯುವುದೂ ಉಂಟು. ಹಾಗಾಗಿ ಉಬ್ಬಸ ಬಂದಾಗ ಬರೀ ಉಸಿರಾಟದ ಅಭ್ಯಾಸವನ್ನು ನಂಬಿ, ವೈದ್ಯರು ಕೊಟ್ಟ ಇನ್‌ಹೇಲರ್ ಬದಿಗಿಡಬೇಡಿ.